ಐದು ಮಂದಿ ಕುಂಡ್ರೋ ಗಾಡಿ

ಪಿಕಪ್ ಗಾಡಿ ತಗೊಳ್ಳೋರು ಸಿಂಗಲ್ ಕ್ಯಾಬ್ ಛಲೋನೋ ಡಬಲ್ ಕ್ಯಾಬ್ ಛಲೋನೋ ಅಂತ ನನ್ನ ಕೇಳಾಕ ಬರ್ತಾರ. ಇದರ ಸಲುವಾಗಿ ನಮ್ಮ ಮನ್ಯಾಗ ಆದ ಜಗಳ ಅರ್ಧ ಊರಿಗೆ ಗೊತ್ತದ, ಅದಕ್ಕ. ನಾ ಅವರನ್ನ ಒಂದ ಮಾತು ಕೇಳ್ತೇನಿ: ಗಾಡ್ಯಾಗ ಯಾರು ಕುಂಡ್ರೋರು? ಅವರು ನಗ್ತಾರ. ಎಷ್ಟು ಲೋಡ್ ಹಾಕ್ತೀರಿ, ಎಂಥ ರಸ್ತಾ, ಡೀಸೆಲ್ ಎಷ್ಟು ಕುಡೀತದ ಅಂತ ಕೇಳ್ತಾಳ ಅನ್ಕೊಂಡು ಬಂದಿರ್ತಾರ. ನಕ್ರ ನಗ್ಲಿ. ಕುಂಡ್ರೋರು ಯಾರು ಅಂತ ಮೊದಲ ಇತ್ಯರ್ಥ ಮಾಡ್ಕೋರಿ, ಗಾಡಿ ಆಮ್ಯಾಲ ತಗೋರಿ ಅಂತ ಹೇಳಿ ಕಳಸ್ತೇನಿ.

ನಂದು ರೊಟ್ಟಿ ದಂಧೆ. ಮಾದನಹಿಪ್ಪರಗಾದಾಗ ನಮ್ಮ ಮನಿ. ಮದುವಿ, ಸೀಮಂತ, ಮನಿ ಪ್ರವೇಶ, ಎಲ್ಲಿ ಕರದ್ರೂ ಹೋಗಿ ಅಲ್ಲೇ ಒಲಿ ಹಚ್ಚಿ ಬಿಸಿ ಜೋಳದ ರೊಟ್ಟಿ ಬಡದು ಹಾಕ್ತೇವಿ. ಇಕಡಿ ಹಿರೋಳ್ಳಿ, ಅಕಡಿ ಅಫಜಲಪುರ, ಆಳಂದ, ಜೇವರ್ಗಿ ತನಕಾನೂ ಹೋಗ್ತೇವಿ. ಈಗಿನ ಮಂದಿಗೆ ಮದುವ್ಯಾಗ ಪನೀರ್ ಬೇಕು, ಐಸ್‌ಕ್ರೀಮ್ ಬೇಕು, ಎಲ್ಲಾ ಬೇಕು, ಆದ್ರ ಹಂಚಿನ ಮ್ಯಾಲಿಂದ ಇಳದ ರೊಟ್ಟಿ ಎಲಿಗೆ ಬೀಳ್ಲಿಲ್ಲಂದ್ರ ಬೀಗರು ಮಾರಿ ಗಂಟ ಹಾಕ್ತಾರ. ಹಿಂಗಾಗಿ ನಮಗ ಕೆಲಸಕ್ಕ ಕಡಿಮಿ ಇಲ್ಲ. ದಂಧೆ ಹಚ್ಚಿದಾಕಿ ನಾನು. ರೊಟ್ಟಿ ಬಡಿಯೋರು ನಾವು ಹೆಂಗಸರು. ನನ್ನ ಗಂಡ ಗಾಡಿ ಹೊಡೀತಾನ. ಆರ್ಡರ್ ಹಿಡಿಯೋದು, ಮದುವಿ ಮನ್ಯಾಗ ಹೋಗಿ ಖುರ್ಚಿ ಮ್ಯಾಲ ಕುಂತು ಮಾತಾಡೋದು, ಅದು ನಮ್ಮ ಭಾವಂದು, ಅಂದ್ರ ನನ್ನ ಗಂಡನ ಅಣ್ಣಂದು. ರೊಟ್ಟಿ ಯಾರದೇ ಇರ್ಲಿ, ಮಂದಿ ಕಣ್ಣಾಗ ದಂಧೆ ಅವಂದ.

ಮೊದಲು ಬಾಡಿಗಿ ಪಿಕಪ್ ಹಿಡಿತಿದ್ವಿ. ಸಿಂಗಲ್ ಕ್ಯಾಬ್ ಅದು. ಮುಂದ ಗಂಡಸರು ಇಬ್ಬರು ಮೂವರು ಕುಂಡ್ರತಿದ್ರು. ಹಿಂದ ಸಾಮಾನು ಹಾಕೋ ಬಯಲು ಡಾಲಾ ಇರ್ತದಲ್ಲ, ಅದ್ರಾಗ ಹಂಚು, ಒಲಿ, ಗ್ಯಾಸ್ ಸಿಲಿಂಡರು, ಹಿಟ್ಟಿನ ಚೀಲ, ನೀರಿನ ಡ್ರಮ್ಮು, ಮತ್ತ ನಾವು. ಊಟಕ್ಕ ಬಡಸೋ ಗಂಡಸರು ತಮ್ಮ ತಮ್ಮ ಬೈಕಿನ ಮ್ಯಾಲ ಹಿಂದಿಂದ ಬರ್ತಿದ್ರು. ನಮ್ಮ ಕಡಿ ಹೆಂಗಸರು ಡಾಲಾದಾಗ ಕುಂತು ಹೋಗೋದು ಯಾರೂ ಹೊಸದಾಗಿ ನೋಡೋ ಮಾತಲ್ಲ. ತೊಗರಿ ಕೊಯ್ಯಾಕ ಹೋಗ್ಲಿ, ಜವಳಕ್ಕ ಹೋಗ್ಲಿ, ಹೆಂಗಸರು ಅಂದ್ರ ಹಿಂದ. ನಾನೂ ಭಾಳ ವರ್ಷ ಅದನ್ನ ಮಾತಾಡಿದಾಕಿ ಅಲ್ಲ.

ಮಾತಾಡೋ ಹಂಗ ಮಾಡಿದ್ದು ಆಯಿ. ಆಕಿ ನನ್ನ ಸ್ವಂತ ಆಯಿ ಅಲ್ಲ, ನಮ್ಮ ಓಣಿ ಮುದುಕಿ. ನಾ ಮದುವಿ ಆಗಿ ಬಂದಾಗ ನನಗ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ. ಅಂಚು ಸೀಳ್ತಿತ್ತು, ನಟ್ಟನಡುವ ತೂತು ಬೀಳ್ತಿತ್ತು, ನಮ್ಮತ್ತಿ ಓಣಿ ಮಂದಿಗೆ ತೋರಿಸಿ ನಗ್ತಿದ್ಳು. ಆಯಿ ನನ್ನ ತನ್ನ ಮನಿಗೆ ಕರಕೊಂಡು ಹೋಗಿ, ಹಿಟ್ಟಿಗೆ ಎಸರು ಎಷ್ಟು ಸುಡಬೇಕು, ಅಂಗೈ ಎಲ್ಲಿ ಒತ್ತಬೇಕು, ಬಟ್ಟು ಎಲ್ಲಿ ಬಿಡಬೇಕು, ಎಲ್ಲಾ ಕಲಿಸಿದ್ಳು. ಒಂದ ದಿನನೂ ನನ್ನ ರೊಟ್ಟಿ ನೋಡಿ ನಗಲಿಲ್ಲ. ದಂಧೆ ಶುರು ಮಾಡ್ತೇನಿ ಅಂದಾಗ ಮೊದಲು ಬಂದಾಕಿನೂ ಆಕಿನ. ಬರ್ತಾ ಬರ್ತಾ ಆಕಿ ಟೊಂಕ ಹೋತು. ಒಲಿ ಮುಂದ ಕುಂತ್ರ ಆಕಿಗೆ ಏನೂ ಆಗ್ತಿದ್ದಿಲ್ಲ. ಡಾಲಾದಾಗ ಕುಂತು ಹೋಗಿ ಬಂದ್ರ ಎರಡು ದಿನ ಹಾಸಿಗಿ ಬಿಟ್ಟು ಏಳ್ತಿದ್ದಿಲ್ಲ. ಈ ಸಲದ ಮದುವಿ ಸೀಜನ್ ಮುಗದ ಮ್ಯಾಲ ನಾ ಬರಂಗಿಲ್ಲವ್ವಾ, ಗಾಡಿ ನನ್ನ ಕೊಲ್ತದ, ಅಂದ್ಳು. ಆಕಿಗೆ ಮನ್ಯಾಗ ಮತ್ಯಾರೂ ಇಲ್ಲ. ಮದುವಿ ಮನಿ ಗದ್ದಲಾ, ನಮ್ಮ ಜೋಡಿ ಹರಟಿ, ಅದ ಆಕಿ ಜೀವ. ಆಕಿ ಬರೋದು ನಿಂತ್ರ ಒಬ್ಬಾಕಿನ ಗ್ವಾಡಿ ನೋಡ್ಕೋತ ಕುಂಡ್ರಬೇಕು. ಅದು ನನಗ ಸಹನ ಆಗಲಿಲ್ಲ.

ಅಷ್ಟರಾಗ ಮನ್ಯಾಗ ಸ್ವಂತ ಗಾಡಿ ತಗೊಳ್ಳೋ ಮಾತು ಬಂತು. ನನ್ನ ತಲ್ಯಾಗ ಆಯಿ ಸಲುವಾಗಿ ಒಂದು ಸೀಟು, ಬರೀ ಅಷ್ಟ. ಕಲಬುರ್ಗಿ ಷೋರೂಮಿಗೆ ನಾನೂ ಬರ್ತೇನಿ ಅಂದೆ. ಭಾವ ನನ್ನ ಗಂಡನ ಮಾರಿ ನೋಡಿದ, ನನ್ನ ಗಂಡ ಗ್ವಾಡಿ ಮಾರಿ ನೋಡಿದ. ನಾ ಬಸ್ಸಿನ್ಯಾಗ ಹೋಗಿ ಅವರಿಗಿಂತ ಮೊದಲ ಅಲ್ಲಿ ನಿಂತಿದ್ದೆ.

ಅಲ್ಲಿ ಎರಡು ಗಾಡಿ ಮಗ್ಗಲಕ್ಕ ಮಗ್ಗಲ ನಿಂದ್ರಿಸಿದ್ರು. ಸಿಂಗಲ್ ಕ್ಯಾಬಿಗೆ ಮುಂದ ಒಂದ ಸಾಲು ಸೀಟು, ಹಿಂದ ಉದ್ದನ್ನ ಡಾಲಾ. ಡಬಲ್ ಕ್ಯಾಬಿಗೆ ಮುಂದ ಇಬ್ಬರು, ಅವರ ಹಿಂದ ಮತ್ತೊಂದು ಸೀಟು, ಅದಕ್ಕ ಬ್ಯಾರೆ ಬಾಗಲಾ, ಒಟ್ಟ ಐದು ಮಂದಿ ಕುಂಡ್ರಬಹುದು. ಆದ್ರ ಡಾಲಾ ಗಿಡ್ಡ. ಎರಡೂ ಗಾಡಿ ಉದ್ದಕ್ಕ ಸಮಾನ ಇರ್ತಾವ್ರಿ, ಒಳಗ ಜಗಾ ಕೊಟ್ರ ಹಿಂದ ಕಡಿಮಿ ಆಗ್ತದ, ಅಂತ ಅಲ್ಲಿನವ ನನ್ನ ಗಂಡಗ ಹೇಳಿದ. ಕೇಳಿದಾಕಿ ನಾನು, ಹೇಳಿದ್ದು ಗಂಡಗ. ಇರ್ಲಿ. ನಾ ಹಿಂದಿನ ಬಾಗಲಾ ತಗದು ಒಳಗ ಹತ್ತಿ ಕುಂತೆ. ಮೆತ್ತಗಿತ್ತು. ಎಸಿ ತಣ್ಣಗ ಬರಾಕತ್ತಿತ್ತು. ಬೆನ್ನು ಆನಿಸಿದ್ರ ಎಲುಬಿಗೆ ಏನೂ ಹತ್ತಲಿಲ್ಲ. ಇಲ್ಲಿ ಆಯಿ, ಇಲ್ಲಿ ಮತ್ತೊಬ್ಬಾಕಿ, ಇಲ್ಲಿ ನಾನು, ಉಳದೋರು ಹಿಂದ ಹಗುರಾಗಿ ಕುಂಡ್ರತಾರ, ಪಾಳಿ ಮ್ಯಾಲ ಒಳಗ ಬರ್ತಾರ ಅಂತ ಮನಸಿನ್ಯಾಗ ಎಲ್ಲಾ ಲೆಕ್ಕ ಹಾಕ್ಕೊಂಡೆ.

ಭಾವಗ ಸಿಂಗಲ್ ಕ್ಯಾಬ್ ಬೇಕಿತ್ತು. ಸಾಮಾನಿನ ಗಾಡಿ ಸಾಮಾನಿಗೆ ಇರಬೇಕು, ಇದೇನು ಕಾರೇನು, ಅಂದ. ಖರೇ ಹೇಳಬೇಕಂದ್ರ ಸಾಮಾನಿನ ಲೆಕ್ಕದಾಗ ಅವನ ಮಾತಿನ್ಯಾಗ ತಪ್ಪಿದ್ದಿಲ್ಲ. ಆದ್ರ ನಾ ಬಿಡಲಿಲ್ಲ. ಮನಿಗೆ ಬಂದು, ಡಬಲ್ ಕ್ಯಾಬ್ ತರಲಿಲ್ಲಂದ್ರ ಈ ಸೀಜನ್ನಿಗೆ ಹಂಚು ಮುಟ್ಟಂಗಿಲ್ಲ, ನೀವು ಅಣ್ಣತಮ್ಮರು ರೊಟ್ಟಿ ಬಡೀರಿ, ಅಂತ ಗಂಡಗ ಹೇಳಿ ಉಣ್ಣದ ಮಲಗಿದೆ. ನಾಕು ದಿನ ನಾ ಹಂಚು ಮುಟ್ಟಲಿಲ್ಲ. ಕಡೀಕ ಭಾವ, ಆಕಿ ಹಠಾನ ಆಗಲಿ ಬಿಡು, ತಗೋ ಡಬಲ್, ಅಂದ. ನಗಕೋತ ಅಂದ. ನಾ ಗೆದ್ದೆ ಅಂತ ಆಯಿ ಮನಿಗೆ ಓಡಿ ಹೋಗಿ ಹೇಳಿ ಬಂದೆ. ಎಂಥ ಹುಚ್ಚಿ ನಾನು!

ಹೊಸ ಗಾಡ್ಯಾಗ ಮೊದಲ ಮದುವಿ ಹಿರೋಳ್ಳಿದು. ಬೆಳಿಗ್ಗೆ ಸಾಮಾನು ಹೇರಿದ್ವಿ. ಆಯಿ ಪೆಟಿಗ್ಯಾಗ ಇಟ್ಟಿದ್ದ ಸೀರಿ ಉಟ್ಟು ಬಂದಿದ್ಳು. ನಾ ಒಳಗಿನ ಹಂಡೇದಾಗಿಂದ ನೀರು ತುಂಬಕೊಂಡು ಹೊರಗ ಬರೋದ್ರಾಗ ಗಾಡಿ ತುಂಬಿತ್ತು. ಮುಂದ ಗಂಡ, ಅವನ ಮಗ್ಗಲಕ್ಕ ಭಾವ. ಹಿಂದಿನ ಸೀಟಿನ ಮ್ಯಾಲ ಬಡಸೋ ಗಂಡಸರು ಮೂರು ಮಂದಿ, ಕಾಲ ಮ್ಯಾಲ ಕಾಲ ಹಾಕ್ಕೊಂಡು ಎಸಿ ಬಾಯಿಗೆ ಮಾರಿ ಹಿಡಕೊಂಡು ಕುಂತಿದ್ರು. ಸ್ವಂತ ಗಾಡ್ಯಾಗ ಜಗಾ ಇರಬೇಕಾದ್ರ ಬೈಕು ಯಾಕ ಅಂತ ಭಾವನ ಅವರನ್ನ ಕರದಿದ್ದ. ಹೆಂಗಸರು ಗಾಡಿ ಹಿಂದ ನಿಂತಿದ್ರು, ದಿನಾ ನಿಂತಂಗ.

ಇಳಸು ಅವರನ್ನ ಅಂದೆ ಗಂಡಗ. ಅವ ಸ್ಟೇರಿಂಗ್ ಬಿಟ್ಟು ಕೆಳಗ ಬಂದು ಮೆಲ್ಲಕ, ಹುಚ್ಚೀ ಅದಿಯೇನು, ಅಣ್ಣ ಮುಂದ ಕುಂತಾನ, ಅವನ ಬೆನ್ನ ಹಿಂದ ಅವನ ಸಮಾ ನೀ ಕುಂಡ್ರತಿಯೇನು, ಅಂದ. ನಮ್ಮಲ್ಲಿ ಭಾವನ ಸಮಾ ತಮ್ಮನ ಹೆಂಡ್ತಿ ಕುಂಡ್ರಂಗಿಲ್ಲ. ಅವ ಪಡಸಾಲ್ಯಾಗ ಇದ್ರ ನಾ ಅಡಿಗಿ ಮನ್ಯಾಗ, ಅವ ಕಟ್ಟಿ ಮ್ಯಾಲ ಇದ್ರ ನಾ ಹೊಚ್ಚಲದ ಒಳಗ. ಈ ರಿವಾಜು ನಂಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ಗೊತ್ತದ. ಆದ್ರ ಷೋರೂಮಿನ್ಯಾಗ ಸೀಟು ಎಣಿಸಿದೆ, ಭಾವನ್ನ ಎಣಿಸಲಿಲ್ಲ.

ನಾ ಬ್ಯಾಡ, ಆಯಿನರ ಕುಂಡ್ರಸ್ರಿ, ಅಂದೆ. ಗಂಡಸರು ಅದಕ್ಕ ಒಲ್ಲೆ ಅನ್ನಲಿಲ್ಲ, ಅದ ನೋಡ್ರಿ ಕಥಿ. ಒಬ್ಬ ಸ್ವಲ್ಪ ಸರದು, ಬಾ ಆಯಿ, ಅಂದ. ಒಲ್ಲೆ ಅಂದಾಕಿ ಆಯಿ. ಗಂಡಸರ ತೊಡಿಗೆ ತೊಡಿ ಹಚ್ಚಿ ನಾ ಈ ವಯಸ್ಸಿಗೆ ಕುಂಡ್ರಲೇನವ್ವಾ, ಊರ ಮಂದಿ ನೋಡಿದ್ರ ಏನಂದಾರು, ಅಂತ ಸೆರಗು ಬಿಗಿ ಮಾಡ್ಕೊಂಡು ಡಾಲಾದ ಕಡಿ ನಡದ್ಳು. ನಾ ಆಕಿ ಕೈ ಹಿಡದು ಜಗ್ಗಿದೆ. ಕೊಸರಕೊಂಡ್ಳು. ನಮ್ಮ ಗುಂಪಿನ್ಯಾಗ ಹಂಚಿನ ಮುಂದ ಕುಂಡ್ರೋ ಮುಸಲ್ಮಾನರ ಹೆಣಮಗಳು ಒಬ್ಬಾಕಿ ಅದಾಳ, ಬಾಯಿ ಭಾಳ ಆಕಿದು. ಆಕಿ ಡಾಲಾದ ಮ್ಯಾಲಿಂದ ಆಯಿಗೆ ಕೈ ಕೊಟ್ಟು ಎತ್ತಿಕೋತ, ಬರ್ರಿ ಆಯಿ, ನಮ್ಮ ಕ್ಯಾಬಿಗೆ ಎಸಿ ಭಾಳ ಜೋರದ, ಸುತ್ತಾಕಡಿಂದ ಗಾಳಿ, ಅಂದ್ಳು. ಎಲ್ಲಾರೂ ನಕ್ರು. ನನಗ ನಗು ಬರಲಿಲ್ಲ.

ಆವಾಗ ಗೊತ್ತಾತು ಡಾಲಾ ಎಷ್ಟು ಗಿಡ್ಡ ಅಂತ. ಮೊದಲಿನ ಬಾಡಿಗಿ ಗಾಡ್ಯಾಗ ಸಾಮಾನು ಹಾಕಿದ್ರೂ ಕಾಲು ಮಡಚಿ ಕುಂಡ್ರಾಕ ಬರ್ತಿತ್ತು. ಇದ್ರಾಗ ಮೊಣಕಾಲು ಗದ್ದಕ್ಕ ಹತ್ತತಿದ್ವು. ಹಂಚಿನ ಅಂಚು ಪಕ್ಕಡಿಗೆ ಚುಚ್ಚತಿತ್ತು. ಆಯಿ ಸಿಲಿಂಡರಿನ ಮಗ್ಗಲಕ್ಕ, ಒಂದು ಹಿಟ್ಟಿನ ಚೀಲದ ಮ್ಯಾಲ ಅರ್ಧ ಕುಂತು ಅರ್ಧ ನಿಂತಂಗ ಇರ್ತಿದ್ಳು. ನಮ್ಮ ಮುಂದ ಒಂದು ಗಾಜು. ಆ ಗಾಜಿನ್ಯಾಗ ಮೂರು ಗಂಡಸರ ತಲಿ ಹಿಂಭಾಗ ಕಾಣತಿದ್ವು, ತೂಕಡಿಸಿಕೋತ. ಪ್ರತಿ ಮದುವಿಗೂ ಆ ತಲಿ ನೋಡ್ಕೋತ ನಾ ಹೋಗ್ಬೇಕು. ನನ್ನ ಮೈ ಹೆಂಗ ಉರೀತಿತ್ತು ಅಂದ್ರ ಹೇಳಾಕ ಆಗಂಗಿಲ್ಲ.

ಗಂಡನ ಜೋಡಿ ಜಗಳಾಡಿದೆ. ಭಾವಗ ಬೈಕಿನ ಮ್ಯಾಲ ಬಾ ಅಂತ ಹೇಳು ಅಂದೆ. ಅಣ್ಣಗ ನಾ ಹಂಗ ಹೇಳ್ಲೇನು, ಅಂದ. ಬಡಸೋರಿಗೆ ಹೇಳು ಅಂದೆ. ಅಣ್ಣ ಕರದವರಿಗೆ ನಾ ಬ್ಯಾಡ ಅನ್ಲೇನು, ಅಂದ. ನಾವು ಬಸ್ಸಿಗೆ ಬರ್ತೇವಿ ಅಂದೆ. ಸ್ವಂತ ಗಾಡಿ ಇಟಗೊಂಡು ಹೆಂಗಸರನ್ನ ಬಸ್ಸಿಗೆ ಕಳಿಸಿದ್ರ ಮಂದಿ ಬಾಯಾಗ ನಾವು ಏನಾಗಬೇಕು, ಅಂದ. ನನ್ನ ಗಂಡ ಕೆಟ್ಟವ ಅಲ್ಲ, ಬಿಡ್ರಿ. ಕೆಟ್ಟವ ಇದ್ದಿದ್ರ ಚಿಂತಿ ಇದ್ದಿಲ್ಲ, ಬೈದು ಹಗುರ ಆಗ್ತಿದ್ದೆ.

ಅದು ನಡದಿದ್ದು ಅಫಜಲಪುರದ ರಸ್ತಾದ ಮ್ಯಾಲ. ಮದುವಿ ಮುಗಿಸಿಕೊಂಡು ಬರಾಕತ್ತಿದ್ವಿ, ಮಧ್ಯಾಹ್ನ, ನೆತ್ತಿ ಒಡಿಯೋ ಬಿಸಲು. ಒಳಗ ಗಾಜು ಏರಿಸಿ ಹಾಡು ಹಚ್ಚಿದ್ರು. ಒಂದು ಊರ ಹತ್ತರ ರಸ್ತಾಕ್ಕ ಹೊಸದಾಗಿ ದಿಬ್ಬ ಹಾಕಿದ್ರು, ಗಂಡ ನೋಡಲಿಲ್ಲ. ಗಾಡಿ ಎದ್ದು ಬಿತ್ತು. ಆಯಿ ಚೀಲದ ಮ್ಯಾಲಿಂದ ಹಾರಿ ಸಿಲಿಂಡರಿನ ಅಂಚಿನ ಮ್ಯಾಲ ನಡಾ ಕೊಟ್ಟು ಬಿದ್ದಳು. ಹೊರಗ ಬೀಳಲಿಲ್ಲ, ಬೀಳಾಕ ಜಗಾನೂ ಇದ್ದಿಲ್ಲ. ಆಕಿ ಚೀರಲಿಲ್ಲ. ಒಂದು ಸಲ ಅವ್ವಾ ಅಂದು ಬಾಯಿ ತೆರದು ಹಂಗ ಇದ್ದಳು, ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ. ನಾವೆಲ್ಲಾ ಗಾಜು ಬಡದ್ವಿ. ಹಾಡಿನ ಗದ್ದಲದಾಗ ಕೇಳಿಸಲಿಲ್ಲ. ನಾ ಸೌಟು ತಗೊಂಡು ಗಾಜು ಒಡದ ಬಿಡಬೇಕು ಅಂತ ಹೊಡದೆ. ಆವಾಗ ತಿರುಗಿ ನೋಡಿದ್ರು.

ಗಾಡಿ ನಿಂತ ಕೂಡ್ಲೆ ಗಂಡಸರು ಇಳದ್ರು ನೋಡ್ರಿ, ಎಲ್ಲಾರೂ. ಯಾರೂ ಹೇಳಬೇಕಾಗಲಿಲ್ಲ. ಬಡಸೋರೂ ಇಳದ್ರು, ಭಾವನೂ ಇಳದ. ಒಬ್ಬ ತನ್ನ ಅಂಗಿ ಬಿಚ್ಚಿ ಆಕಿ ತಲಿ ಕೆಳಗ ಇಟ್ಟ. ಹೂವು ಎತ್ತಿದಂಗ ಆಕಿನ್ನ ಎತ್ತಿ ಹಿಂದಿನ ಸೀಟಿನ ಮ್ಯಾಲ ಅಡ್ಡ ಮಲಗಿಸಿದ್ರು. ನಾ ಸೀಟಿನ ಕೆಳಗ, ಕಾಲಿಡೋ ಜಗಾದಾಗ ಕುಂತು ಆಕಿನ್ನ ಹಿಡಕೊಂಡೆ. ಭಾವ ಇದ್ದಾನೋ ಇಲ್ಲೋ ಅಂತ ಅವತ್ತು ಯಾರೂ ನೋಡಲಿಲ್ಲ, ರಿವಾಜು ಯಾರಿಗೂ ನೆನಪಾಗಲಿಲ್ಲ. ಅವ ಬಡಸೋರ ಜೋಡಿ ಡಾಲಾ ಹತ್ತಿದ. ಅಫಜಲಪುರದ ದವಾಖಾನಿಗೆ ಗಾಡಿ ಹೊಳ್ಳಿಸಿದ್ವಿ.

ಸ್ವಲ್ಪ ದೂರ ಹೋದ ಮ್ಯಾಲ ಆಯಿಗೆ ಮಾತು ಬಂತು. ತಣ್ಣಗ ಅದಲ್ಲವಾ ಇಲ್ಲಿ, ಅಂದ್ಳು. ಹ್ಞೂಂ ಅಂದೆ. ಕೈ ಸೀಟಿನ ಮ್ಯಾಲ ಆಡಿಸಿದ್ಳು. ಆಮ್ಯಾಲ, ಅವರೆಲ್ಲಾ ಎಲ್ಲಿ ಹೋದ್ರು, ಅಂದ್ಳು. ಹಿಂದ ಕುಂತಾರ ಅಂದೆ. ಆಕಿ ಮಾರಿ ಸಣ್ಣದಾತು.

"ಪಾಪ, ಇಂಥ ಬಿಸಲಾಗ. ಅವರಿಗೆ ತಲಿ ಮ್ಯಾಲ ಹೊದಿಯಾಕ ಸೆರಗೂ ಇಲ್ಲ."

ನಾ ಆಕಿ ಮ್ಯಾಲೂ ಸಿಟ್ಟಾದೆ. ಆ ಸ್ಥಿತ್ಯಾಗ ಮಲಗಿದ ಮುದುಕಿ ಮ್ಯಾಲ. ಟಾವೆಲ್ ಅದಾವ ಅವರ ಹಂತ್ಯಾಕ, ನೀ ಸುಮ್ನ ಮಲಗು, ಅಂದು ಮಾರಿ ಹೊರಗ ಮಾಡಿ ಅತ್ತೆ.

ಆಕಿ ಬೆನ್ನಿನ ಎಲುಬು ಒಂದು ಮುರದಿತ್ತು. ಅಲ್ಲಿಂದ ಕಲಬುರ್ಗಿಗೆ ಒಯ್ದ್ವಿ. ಜೀವಕ್ಕ ಏನೂ ಆಗಲಿಲ್ಲ. ಆದ್ರ ನೆಲಕ್ಕ ಕುಂತು ಬಗ್ಗೋ ಕೆಲಸ ಇನ್ನ ಮರೀರಿ ಅಂದ್ರು ಡಾಕ್ಟರು. ರೊಟ್ಟಿ ಬಡಿಯೋದು ಅಂದ್ರ ಮತ್ತೇನದ, ನೆಲಕ್ಕ ಕುಂತು ಬಗ್ಗೋದ. ದವಾಖಾನಿ ಹೊರಗ ಗಂಡಸರು ನಿಂತಿದ್ರು. ನಾ ಬಾಗಲ ಹಿಂದ ಇದ್ದೆ. ಭಾವ ನನ್ನ ಗಂಡಗ ಹೇಳಾಕತ್ತಿದ್ದ, ನನಗ ಕೇಳಲಿ ಅಂತನ ಹೇಳಾಕತ್ತಿದ್ದ: "ನಾ ಮೊದಲ ಬಡಕೊಂಡಿದ್ದೆ. ಉದ್ದನ್ನ ಡಾಲಾದ ಗಾಡಿ ತಂದಿದ್ರ ಮುದುಕಿಗೆ ಕಾಲು ಚಾಚಿ ಕುಂಡ್ರಾಕ ಜಗಾ ಇರ್ತಿತ್ತು. ಸಿಲಿಂಡರಿನ ಹತ್ರ ಯಾಕ ಬರ್ತಿದ್ಳು ಆಕಿ?"

ಅವ ಹೇಳಿದ್ದು ಖರೇ. ಉದ್ದನ್ನ ಡಾಲಾ ಇದ್ದಿದ್ರ ಆಯಿ ದೂರ ಕುಂಡ್ರತಿದ್ಳು. ಸೀಟು ಬೇಕು ಅಂತ ನಾ ಹಠ ಹಿಡದೆ, ಸೀಟು ಅವರಿಗಾತು, ಇದ್ದ ಜಗಾನೂ ನಮ್ಮಿಂದ ಹೋತು. ನೀವು ಇಳದಿದ್ರ ಆಕಿ ಒಳಗ ಇರ್ತಿದ್ಳು ಅಂತ ಅನ್ನಬೇಕಿತ್ತು. ಭಾವಗ ಎದುರ ನಿಂತು ಮಾತಾಡಿ ನನಗ ರೂಢಿ ಇಲ್ಲ. ಮನಿಗೆ ಬಂದು ಗಂಡಗ ಅಂದೆ. ಈಗ ಅದೆಲ್ಲಾ ಯಾಕ, ಅಣ್ಣಾನೂ ನೊಂದಾನ, ಅಂದ. ಖರೇನ ನೊಂದಿದ್ದ ಭಾವ. ಆಯಿ ಮನಿಗೆ ಹಾಲು, ಹಣ್ಣು ದಿನಾ ಅವನ ಒಯ್ದು ಕೊಡತಿದ್ದ.

ಮುಂದಿನ ಸೀಜನ್ ಬರೋದ್ರಾಗ ಅಣ್ಣತಮ್ಮರು ಕೂಡಿ ಆ ಗಾಡಿ ಕೊಟ್ಟು ಸಿಂಗಲ್ ಕ್ಯಾಬ್ ತಂದ್ರು. ನನ್ನ ಕೇಳಲಿಲ್ಲ. ಕೇಳೋದೇನದ, ಹೆಂಗಸರ ಸಲುವಾಗಿನ ತಂದಾರಲ್ಲ. ಉದ್ದನ್ನ ಡಾಲಾ. ಬಿಸಲಿಗೆ ಮ್ಯಾಲ ತಾಡಪತ್ರಿ ಚಾವಣಿ. ಸಿಲಿಂಡರ್ ಕಟ್ಟಾಕ ಬ್ಯಾರೆ ಕಬ್ಬಿಣದ ಚೌಕಟ್ಟು. ಕೆಳಗ ಹತ್ತಿ ತುಂಬಿದ ಹೊಸ ಗಾದಿ, ಭಾವನ ಹೊಲಿಸಿ ತಂದಿದ್ದ. ಬಡಸೋರು ಮತ್ತ ಬೈಕಿಗೆ ಹೋದ್ರು. ಓಣಿ ಹೆಂಗಸರು ಬಂದು ಬಂದು ಗಾದಿ ಒತ್ತಿ ನೋಡಿದ್ರು. ಆಯಿ ಕೋಲು ಊರಕೋತ ಹೊಚ್ಚಲದ ತನಕ ಬಂದು ನಿಂತು ನೋಡಿ, ನಿಮ್ಮ ಭಾವ ದೇವರಂಥ ಮನಶ್ಯಾ ನೋಡವ್ವಾ, ಅಂದ್ಳು. ಆಕಿನ್ನ ಬಿಟ್ಟು ನಾವು ಜೇವರ್ಗಿ ಮದುವಿಗೆ ಹೊಂಟ್ವಿ.

ನಾ ಹಿಂದ ಹತ್ತಿ ಕುಂತೆ. ಗಾದಿ ಮೆತ್ತಗಿತ್ತು. ತಾಡಪತ್ರಿ ಕೆಳಗ ನೆಳ್ಳಿತ್ತು. ಹಂಚು ಯಾರಿಗೂ ಚುಚ್ಚಲಿಲ್ಲ, ದಿಬ್ಬ ಬಂದಾಗ ಗಂಡ ಗಾಡಿ ಮೆಲ್ಲಕ ಮಾಡಿದ. ಹೆಂಗಸರು ಕಾಲು ಚಾಚಿ ಎಲಿ ಅಡಕಿ ಹಾಕ್ಕೊಂಡು ನಗಕೋತ ಕುಂತಿದ್ರು. ಆ ಬಾಯಿ ಜೋರಿನ ಹೆಣಮಗಳೂ ಗಾದಿ ಮ್ಯಾಲ ಅಡ್ಡಾದಾಕಿ ನಿದ್ದಿ ಹೋದ್ಳು. ನಾನೂ ಕಾಲು ಚಾಚಿದೆ. ಜಗಾ ಇತ್ತು. ಯಾರನ್ನರ ಬೈಬೇಕು ಅಂತ ಜೇವರ್ಗಿ ತನಕ ಹುಡುಕಿದೆ, ಬೈಯಾಕ ನನಗ ಒಂದು ಕಾರಣನೂ ಉಳಿಸಿದ್ದಿಲ್ಲ ಅವರು.